‘ಗೊತ್ತಿಲ್ಲ ಬಾಸ್’: ಒಂದು ಪದದ ಅರ್ಥ, ಬಳಕೆ ಮತ್ತು ರಾಜಕಾರಣ

ಸಂಜೆ ಏಳೂವರೆಗೆ ಬಿಟಿಎಂ ಲೇಔಟ್‌ನ ಉಡುಪಿ ಗಾರ್ಡನ್ ಸಿಗ್ನಲ್ ಹತ್ರ ಹತ್ತು ನಿಮಿಷ ನಿಂತ್ಕೊಂಡು ಕಿವಿ ಕೊಟ್ಟು ನೋಡಿ. ‘ಬಾಸ್, ಗಾಡಿ ಸ್ವಲ್ಪ ಹಿಂದೆ ತಗೊಳಿ.’ ‘ಬಾಸ್, ಸಿಲ್ಕ್ ಬೋರ್ಡ್ ಬರ್ತೀರಾ?’ ‘ಹಲೋ ಬಾಸ್, ಕಣ್ ಕಾಣ್ಸಲ್ವಾ?’ ‘ಎರಡು ಟೀ ಕೊಡಿ ಬಾಸ್.’ ‘ಲೊಕೇಶನ್‌ಗೆ ಬಂದಿದೀನಿ ಬಾಸ್, ಯಾವ ಫ್ಲೋರು?’ ಐದು ಮಾತು, ಐದು ಬಾಸ್‌ಗಳು. ಇವರಲ್ಲಿ ಯಾರೂ ಯಾರಿಗೂ ಸಂಬಳ ಕೊಡೋರಲ್ಲ.

ಈ ಏರಿಯಾದಲ್ಲಿ ನಾನು ಆರು ವರ್ಷದಿಂದ ಇದ್ದೀನಿ. ಮೊದಲು ಮೂರು ಜನ ಹಂಚಿಕೊಳ್ಳೋ ಪಿಜಿ ರೂಮು, ಈಗ ತಾವರೆಕೆರೆ ಕಡೆ ಒಂದು ಸಿಂಗಲ್ ರೂಮು. ನಮ್ಮ ಬಿಲ್ಡಿಂಗ್‌ನ ಮೇಲಿನ ಮಹಡಿಯಲ್ಲಿ ಡೆಲಿವರಿ ಕೆಲಸ ಮಾಡೋ ಹುಡುಗನೊಬ್ಬ ಇದ್ದಾನೆ. ಒಂದು ಬೆಳಗ್ಗೆ ಅವನ ಆ್ಯಪ್ ಓಪನ್ ಆಗಲಿಲ್ಲ. ಐಡಿ ಬ್ಲಾಕ್ ಆಗಿತ್ತು. ಯಾಕೆ ಅಂತ ಹೇಳಿರಲಿಲ್ಲ. ಇಂಗ್ಲಿಷ್‌ನಲ್ಲಿ ಒಂದು ಮೇಲ್ ಬರೆದುಕೊಡಿ ಅಂತ ನನ್ನ ಹತ್ರ ಬಂದ. ‘ಯಾರಿಗೆ ಅಂತ ಬರೀಲಿ? ನಿಮ್ಮ ಬಾಸ್ ಯಾರು?’ ಅಂತ ಕೇಳ್ದೆ. ಅವನು ಒಂದು ಕ್ಷಣ ಯೋಚಿಸಿ ಹೇಳಿದ: ‘ಗೊತ್ತಿಲ್ಲ ಬಾಸ್.’

ನನ್ನ ಪ್ರಶ್ನೆಯಲ್ಲಿದ್ದ ಬಾಸ್‌ಗೂ ಅವನ ಉತ್ತರದಲ್ಲಿದ್ದ ಬಾಸ್‌ಗೂ ಅಜಗಜಾಂತರ. ನಾನು ಕೇಳಿದ್ದು ಅವನನ್ನ ಕೆಲಸದಿಂದ ತೆಗೆಯೋ ಅಧಿಕಾರ ಇರೋ ವ್ಯಕ್ತಿಯನ್ನ. ಅವನು ಹೇಳಿದ್ದು ಎದುರಿಗೆ ಕೂತಿರೋ ನನಗೆ. ಅವತ್ತಿನಿಂದ ಈ ಪದದ ಹಿಂದೆ ಬಿದ್ದಿದ್ದೀನಿ. ಸಿಕ್ಕಿದ್ದನ್ನ ಇಲ್ಲಿ ಒಂದೊಂದಾಗಿ ಬರೆದಿದ್ದೀನಿ.

ಪದ ಹುಟ್ಟಿದ್ದು ಎಲ್ಲಿ?

‘ಬಾಸ್’ ಮೂಲತಃ ಇಂಗ್ಲಿಷ್ ಪದ ಅಲ್ಲ, ಡಚ್ ಪದ. ಡಚ್ ಭಾಷೆಯಲ್ಲಿ ಅದಕ್ಕೆ ಯಜಮಾನ, ಮೇಸ್ತ್ರಿ ಅನ್ನೋ ಅರ್ಥ. ಇವತ್ತಿನ ನ್ಯೂಯಾರ್ಕ್ ಒಂದು ಕಾಲಕ್ಕೆ ನ್ಯೂ ಆಮ್‌ಸ್ಟರ್‌ಡ್ಯಾಮ್ ಅನ್ನೋ ಡಚ್ಚರ ಊರು. 1664ರಲ್ಲಿ ಇಂಗ್ಲಿಷರು ಅದನ್ನ ವಶಪಡಿಸಿಕೊಂಡರು. ಊರಿನ ಹೆಸರು ಬದಲಾಯ್ತು, ಆದರೆ ಡಚ್ಚರ ಕೆಲವು ಪದಗಳು ಅಲ್ಲೇ ಉಳಿದವು. ಅವುಗಳಲ್ಲಿ ಇದೂ ಒಂದು.

ಒಂದು ತಮಾಷೆ ಗಮನಿಸಿ. ಡಚ್ ಉಚ್ಚಾರಣೆಯಲ್ಲಿ ಇರೋದು ದೀರ್ಘ ‘ಆ’. ಇಂಗ್ಲಿಷ್‌ನೋರು ಅದನ್ನ ಗಿಡ್ಡ ಮಾಡಿ ಬಾಯಿ ದುಂಡಗೆ ಮಾಡ್ಕೊಂಡ್ರು. ನಾವು ಕಾಫಿ, ಡಾಕ್ಟರ್, ಶಾಪು ಅಂತ ಬರೆಯೋ ಹಾಗೆ ಇದನ್ನೂ ಎಳೆದು ‘ಬಾಸ್’ ಅಂತ ಬರೆದ್ವಿ. ಹೀಗಾಗಿ ಕನ್ನಡದ ಬಾಸ್ ಇಂಗ್ಲಿಷಿಗಿಂತ ಡಚ್ ಮೂಲಕ್ಕೇ ಹತ್ತಿರ ಇದೆ.

ಅಮೆರಿಕದಲ್ಲಿ ಈ ಪದ ಬೇರೂರಿದ್ದಕ್ಕೆ ಕಾರಣ ಉಚ್ಚಾರಣೆ ಅಲ್ಲ, ರಾಜಕಾರಣ. ಅಲ್ಲಿ ‘ಮಾಸ್ಟರ್’ ಅನ್ನೋದು ಗುಲಾಮರು ತಮ್ಮ ಒಡೆಯನಿಗೆ ಹೇಳಬೇಕಿದ್ದ ಪದ. ಕೂಲಿಗೆ ದುಡಿಯುತ್ತಿದ್ದ ಬಿಳಿಯ ಕೆಲಸಗಾರರಿಗೆ ಆ ಪದ ಬೇಡವಾಗಿತ್ತು. ‘ನಾನು ಕೆಲಸಗಾರ, ಗುಲಾಮ ಅಲ್ಲ’ ಅಂತ ತೋರಿಸಿಕೊಳ್ಳೋಕೆ ಅವರು ಮಾಲೀಕನನ್ನ ‘ಬಾಸ್’ ಅಂದರು. 19ನೇ ಶತಮಾನದ ಆರಂಭದಲ್ಲಿ ಅಮೆರಿಕಕ್ಕೆ ಹೋದ ಇಂಗ್ಲಿಷ್ ಪ್ರವಾಸಿಗರು ಈ ಅಭ್ಯಾಸ ನೋಡಿ ಮುಖ ಸಿಂಡರಿಸಿಕೊಂಡು ಬರೆದಿದ್ದಾರೆ. ಅಂದ್ರೆ ಈ ಪದ ಬೆಳೆದದ್ದೇ ಒಂದು ಸ್ವಾಭಿಮಾನದಲ್ಲಿ. ಆದರೆ ಆ ಸ್ವಾಭಿಮಾನದ ಒಳಗೆ ಇನ್ನೊಂದು ಸತ್ಯವೂ ಇತ್ತು. ಬಿಳಿಯ ಕೆಲಸಗಾರ ತನ್ನನ್ನ ಕಪ್ಪು ಗುಲಾಮನಿಂದ ಬೇರೆ ಮಾಡ್ಕೊಂಡಿದ್ದು, ಗುಲಾಮಗಿರಿಯನ್ನ ಪ್ರಶ್ನೆ ಮಾಡಿದ್ದಲ್ಲ.

ಅದೇ ಡಚ್ ಪದ ದಕ್ಷಿಣ ಆಫ್ರಿಕಾದಲ್ಲಿ ಪೂರ್ತಿ ಉಲ್ಟಾ ದಾರಿ ಹಿಡಿಯಿತು. ಅಲ್ಲಿ ಕಪ್ಪು ಜನರು ಯಾವ ಬಿಳಿಯ ಗಂಡಸನ್ನಾದರೂ ‘ಬಾಸ್’ ಅನ್ನಬೇಕಿತ್ತು. ಬಿಳಿಯರ ಯಜಮಾನಿಕೆಯೇ ನಮ್ಮ ನೀತಿ ಅಂತ ಹೇಳೋಕೆ ಅಲ್ಲಿನ ರಾಜಕಾರಣಿಗಳು ‘ಬಾಸ್‌ಕಾಪ್’ ಅನ್ನೋ ಪದವನ್ನೇ ಬಳಸಿದರು. 1954ರಿಂದ 1958ರವರೆಗೆ ಪ್ರಧಾನಿಯಾಗಿದ್ದ ಸ್ಟ್ರೈಡಮ್ ಅದರ ದೊಡ್ಡ ಪ್ರತಿಪಾದಕ. ಒಂದು ಕಡೆ ತಲೆ ಎತ್ತೋಕೆ ಬಳಕೆಯಾದ ಪದ, ಇನ್ನೊಂದು ಕಡೆ ತಲೆ ತಗ್ಗಿಸೋಕೆ ಬಳಕೆಯಾಯ್ತು.

ಅರ್ಥ ಒಂದು: ಎದುರಿಗಿರೋನು

ಬೆಂಗಳೂರಿನ ಕನ್ನಡದಲ್ಲಿ ಈ ಪದದ ಅತಿ ಹೆಚ್ಚಿನ ಬಳಕೆ ಇದೇ. ಹೆಸರು ಗೊತ್ತಿಲ್ಲದ ಗಂಡಸನ್ನ ಕರೆಯೋ ಪದ. ಇಲ್ಲಿ ಅಧಿಕಾರದ ಸುಳಿವೂ ಇಲ್ಲ.

ಇದು ಇಷ್ಟು ಹಬ್ಬಿದ್ದಕ್ಕೆ ಕನ್ನಡದ ವ್ಯಾಕರಣದಲ್ಲೇ ಒಂದು ಕಾರಣ ಇದೆ ಅನ್ಸುತ್ತೆ. ನಮಗೆ ಅಪರಿಚಿತರ ಜೊತೆ ಮಾತಾಡೋವಾಗ ಮೊದಲ ಸಮಸ್ಯೆ ‘ನೀನು’ ಅನ್ನಬೇಕಾ, ‘ನೀವು’ ಅನ್ನಬೇಕಾ ಅನ್ನೋದು. ‘ಸಾರ್’ ಅಂದ್ರೆ ‘ನೀವು’ ಕಡ್ಡಾಯ. ‘ಮಗಾ’ ಅಂದ್ರೆ ‘ನೀನು’ ಕಡ್ಡಾಯ. ‘ಬಾಸ್’ ಎರಡರ ಜೊತೆಗೂ ಒಗ್ಗುತ್ತೆ. ‘ಬನ್ನಿ ಬಾಸ್’ ಅಂತಲೂ ಹೇಳಬಹುದು, ‘ಬಾ ಬಾಸ್’ ಅಂತಲೂ ಹೇಳಬಹುದು. ಮೊದಲ ಐದು ನಿಮಿಷ ‘ನೀವು’ ಇದ್ದದ್ದು ಟೀ ಮುಗಿಯೋಷ್ಟರಲ್ಲಿ ‘ನೀನು’ ಆದರೂ ಬಾಸ್ ಮಾತ್ರ ಬದಲಾಗಲ್ಲ. ‘ಗುರು’ ಕೂಡ ಸುಮಾರಾಗಿ ಇದೇ ಕೆಲಸ ಮಾಡುತ್ತೆ, ಆದರೆ ಅದರಲ್ಲಿ ಸಲುಗೆ ಒಂದು ತೂಕ ಜಾಸ್ತಿ.

ಅರ್ಥ ಎಲ್ಲಾ ಧ್ವನಿಯಲ್ಲಿ ಇರುತ್ತೆ. ಇವನ್ನ ಜೋರಾಗಿ ಹೇಳಿಕೊಂಡು ನೋಡಿ:

• ‘ಬಾಸ್...’ (ಮೆಲ್ಲಗೆ, ಎಳೆದು): ಒಂದು ಸಹಾಯ ಬೇಕು.
• ‘ಬಾಸ್!’ (ಗಟ್ಟಿಯಾಗಿ, ತುಂಡಾಗಿ): ಲೈನ್‌ನಲ್ಲಿ ನಾನು ಮೊದಲು ನಿಂತಿದ್ದೆ.
• ‘ಹಲೋ ಬಾಸ್’: ಜಗಳ ಶುರುವಾಗಿದೆ. ಹೆಲ್ಮೆಟ್ ತೆಗೆದರೆ ದೊಡ್ಡದಾಗುತ್ತೆ.
• ‘ಏನ್ ಬಾಸ್ ಇದು’: ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರಲಿಲ್ಲ.
• ‘ಆಯ್ತು ಬಾಸ್’: ಒಪ್ಪಿಗೆ. ಅಥವಾ ‘ಸಾಕು, ಇನ್ನು ಮಾತಾಡಬೇಡ’.
• ‘ಬಾಸು’: ಗೆಳೆತನ ಆಗಿದೆ. ಪದಕ್ಕೆ ಉಕಾರ ಸೇರಿದ್ರೆ ಅದು ನಮ್ಮನೆಯದು.

ಬುದ್ಧಿ, ಧಣಿ, ಬಾಸ್

ನಮ್ಮದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮಜ್ಜಿ ಊರಿನ ಜಮೀನಿರೋರನ್ನ ‘ಬುದ್ಧಿ’ ಅಂತ ಕರೀತಿದ್ದಳು. ಅವಳಿಗಿಂತ ನಲವತ್ತು ವರ್ಷ ಚಿಕ್ಕ ಹುಡುಗನೂ ಅವಳಿಗೆ ಬುದ್ಧಿನೇ. ಅವನು ಅವಳನ್ನ ಹೆಸರು ಹಿಡಿದು ಏಕವಚನದಲ್ಲಿ ಕರೀತಿದ್ದ. ಹಳೇ ಮೈಸೂರು ಭಾಗದಲ್ಲಿ ‘ಬುದ್ಧಿ’, ಕರಾವಳಿಯಲ್ಲಿ ‘ಧಣಿ’, ಉತ್ತರ ಕರ್ನಾಟಕದಲ್ಲಿ ‘ಸಾವ್ಕಾರ್ರು’, ‘ಗೌಡ್ರು’. ಇವೆಲ್ಲ ಬರೀ ಸಂಬೋಧನೆಗಳಲ್ಲ. ಜಾತಿ ಯಾವುದು, ಭೂಮಿ ಯಾರದ್ದು, ಸಾಲ ಯಾರ ಮೇಲಿದೆ ಅನ್ನೋದೆಲ್ಲ ಆ ಒಂದೊಂದು ಪದದಲ್ಲಿ ಇತ್ತು.

ದೇವರಾಜ ಅರಸು ಸರ್ಕಾರದ 1974ರ ಭೂ ಸುಧಾರಣೆ ‘ಉಳುವವನೇ ಭೂಮಿಯ ಒಡೆಯ’ ಅಂತು. 1976ರ ಕೇಂದ್ರ ಕಾಯ್ದೆ ಜೀತ ಪದ್ಧತಿಯನ್ನ ರದ್ದು ಮಾಡಿತು. ಕಾಗದದ ಮೇಲೆ ಧಣಿ ಹೋದ. ಆದರೆ ನಾಲಿಗೆ ಮೇಲಿಂದ ಹೋಗೋಕೆ ಇನ್ನೂ ಎಷ್ಟೋ ವರ್ಷ ಬೇಕಾಯ್ತು, ಕೆಲವು ಊರುಗಳಲ್ಲಿ ಇವತ್ತಿಗೂ ಹೋಗಿಲ್ಲ.

ಆದ್ದರಿಂದ ‘ಬಾಸ್’ ಅನ್ನೋದನ್ನ ನಾನು ಬರೀ ಪೋಲಿ ಇಂಗ್ಲಿಷ್ ಅಂತ ತಳ್ಳಿಹಾಕಲ್ಲ. ಹಳ್ಳಿ ಬಿಟ್ಟು ಮಡಿವಾಳ ಸ್ಟಾಪ್‌ನಲ್ಲಿ ಬೆಳಗಿನ ಜಾವ ಬಸ್ ಇಳಿಯೋ ಹುಡುಗನಿಗೆ ಇದು ಜಾತಿ ಕೇಳದ ಪದ. ಎದುರಿಗಿರೋನು ಗೌಡನಾ, ಸ್ವಾಮಿನಾ, ಅಯ್ಯನಾ ಅಂತ ಅಂದಾಜು ಮಾಡೋ ಕಷ್ಟ ಇಲ್ಲ. ಅವನು ನನ್ನನ್ನ ಬಾಸ್ ಅಂತಾನೆ, ನಾನೂ ಅವನನ್ನ ಬಾಸ್ ಅಂತೀನಿ. ನಮ್ಮಜ್ಜಿ ‘ಬುದ್ಧಿ’ ಅಂದಾಗ ಆ ಕಡೆಯಿಂದ ‘ಬುದ್ಧಿ’ ವಾಪಸ್ ಬರ್ತಿರಲಿಲ್ಲ. ಬಾಸ್ ವಾಪಸ್ ಬರುತ್ತೆ. ಅಷ್ಟರ ಮಟ್ಟಿಗೆ ಇದು ಸಮಾನತೆಯ ಪದ.

ಪೂರ್ತಿ ಸಮಾನತೆ ಬಂದಿದೆ ಅಂತಲ್ಲ. ಇದೇ ರಸ್ತೆಯಲ್ಲಿ ಕಸ ಗುಡಿಸೋ ಪೌರಕಾರ್ಮಿಕರನ್ನ, ಮ್ಯಾನ್‌ಹೋಲ್‌ಗೆ ಇಣುಕೋ ಮನುಷ್ಯನನ್ನ ಯಾರಾದ್ರೂ ‘ಬಾಸ್’ ಅಂದಿದ್ದು ನಾನು ಕೇಳಿಲ್ಲ. ಯಾರನ್ನ ಬಾಸ್ ಅಂತೀವಿ ಅನ್ನೋದಕ್ಕಿಂತ ಯಾರನ್ನ ಅನ್ನಲ್ಲ ಅನ್ನೋದನ್ನ ಗಮನಿಸಿ. ಜಾತಿ ಅಲ್ಲಿ ಸಿಗುತ್ತೆ.

ಎಲ್ಲರ ಭಾಷೆಯ ಪದ

ಬಿಟಿಎಂ ಅಂದ್ರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಕನ್ನಡ ಊರುಗಳು ಮೂರು ಇಂಗ್ಲಿಷ್ ಅಕ್ಷರಗಳಾದ ಜಾಗ ಇದು. ಇಲ್ಲಿನ ಪಿಜಿಗಳಲ್ಲಿ ತೆಲುಗು, ಮಲಯಾಳಂ, ತಮಿಳು, ಹಿಂದಿ, ಬಂಗಾಳಿ ಎಲ್ಲಾ ಕೇಳಿಸುತ್ತೆ. ‘ಭಯ್ಯಾ’ ಅಂದ್ರೆ ಕೆಲವರಿಗೆ ಹಿಂದಿ ಹೇರಿಕೆ ನೆನಪಾಗುತ್ತೆ. ‘ಅಣ್ಣಾ’ ಅನ್ನೋಕೆ ಹೊಸಬರಿಗೆ ನಾಲಿಗೆ ಹೊರಳಲ್ಲ. ‘ಬಾಸ್’ ಎಲ್ಲರಿಗೂ ಅರ್ಥ ಆಗುತ್ತೆ, ಯಾರಿಗೂ ಸಿಟ್ಟು ಬರಲ್ಲ.

ಆದರೆ ಜಗಳ ತಪ್ಪಿಸೋ ಪದ ಕಲಿಕೆಯನ್ನೂ ತಪ್ಪಿಸುತ್ತೆ. ಆರು ವರ್ಷ ಇಲ್ಲಿದ್ದೂ ‘ಬಾಸ್’, ‘ಎಷ್ಟು’, ‘ಗೊತ್ತಿಲ್ಲ’ ಈ ಮೂರರಲ್ಲೇ ಜೀವನ ಸಾಗಿಸಿದವರನ್ನ ನಾನು ಬಲ್ಲೆ. ‘ಅಣ್ಣಾ’, ‘ಅಕ್ಕಾ’ ಅನ್ನೋದು ಕಷ್ಟ ಏನಲ್ಲ. ಹೇಳಿ ನೋಡಿ, ಆಟೋದವರ ಮುಖ ಹೇಗೆ ಬದಲಾಗುತ್ತೆ ಅಂತ.

ಅರ್ಥ ಎರಡು: ನಮ್ ಬಾಸ್

ಇದು ಸಂಬೋಧನೆ ಅಲ್ಲ, ಬಿರುದು. ದರ್ಶನ್ ಅಭಿಮಾನಿಗಳಿಗೆ ಅವರು ‘ಡಿ ಬಾಸ್’. 2011ರಲ್ಲಿ ‘ಬಾಸ್’ ಅನ್ನೋ ಹೆಸರಿನ ಸಿನಿಮಾನೂ ಅವರದ್ದು ಬಂತು. ಆಟೋ ಹಿಂದೆ, ಬೈಕ್ ನಂಬರ್ ಪ್ಲೇಟ್ ಮೇಲೆ, ಕೈ ಮೇಲಿನ ಹಚ್ಚೆಯಲ್ಲಿ ಆ ಪದ ಇರುತ್ತೆ. ಇಲ್ಲಿ ಬಾಸ್ ವಾಪಸ್ ಬರಲ್ಲ ಅನ್ನೋದನ್ನ ಗಮನಿಸಿ. ಅಭಿಮಾನಿ ಬಾಸ್ ಅಂತಾನೆ, ಆ ಕಡೆಯಿಂದ ಬರೋದು ‘ನನ್ನ ಸೆಲೆಬ್ರಿಟೀಸ್’ ಅನ್ನೋ ಮಾತು.

2024ರ ಜೂನ್‌ನಲ್ಲಿ ಚಿತ್ರದುರ್ಗದ ರೇಣುಕಸ್ವಾಮಿ ಕೊಲೆ ಪ್ರಕರಣದಲ್ಲಿ ದರ್ಶನ್ ಬಂಧನವಾಯ್ತು. ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟ್ ಜಾಮೀನು ಕೊಟ್ಟಿತು, 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು. ತಪ್ಪು ಯಾರದ್ದು ಅಂತ ತೀರ್ಮಾನ ಮಾಡೋದು ನ್ಯಾಯಾಲಯದ ಕೆಲಸ, ನನ್ನದಲ್ಲ. ಆದರೆ ಈ ಪ್ರಕರಣದ ಬಗ್ಗೆ ಮಾತಾಡಿದ ನಟಿ ರಮ್ಯಾ ಅವರ ಮೇಲೆ ಬಂದ ಅಶ್ಲೀಲ ಬೈಗುಳ, ಬೆದರಿಕೆ ಎಷ್ಟಿತ್ತು ಅಂದ್ರೆ 2025ರ ಜುಲೈನಲ್ಲಿ ಅವರು ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಡಬೇಕಾಯ್ತು. ಒಬ್ಬ ನಟನನ್ನ ಇಷ್ಟಪಡೋದು ಬೇರೆ, ಅವನನ್ನ ಪ್ರಶ್ನೆ ಮಾಡಿದವರ ಬಾಯಿ ಮುಚ್ಚಿಸೋದು ಬೇರೆ. ‘ಬಾಸ್’ ಬಿರುದಾದ ತಕ್ಷಣ ಆ ಗೆರೆ ಅಳಿಸಿಹೋಗುತ್ತೆ.

ರಾಜಕೀಯದಲ್ಲೂ ಇದೇ ಕಥೆ. ನಮ್ಮಲ್ಲಿ ಹುಲಿಯಾ, ಟಗರು, ರಾಜಾಹುಲಿ, ಬಂಡೆ ಎಲ್ಲಾ ಇದ್ದಾರೆ. ಕಾರ್ಯಕರ್ತರು ಫೋನ್‌ನಲ್ಲಿ ‘ಬಾಸ್ ಹೇಳಿದ್ದಾರೆ’ ಅಂದ್ರೆ ಅಲ್ಲಿಗೆ ಚರ್ಚೆ ಮುಗೀತು. ಅಮೆರಿಕದಲ್ಲಿ ಈ ಅರ್ಥ ಬಂದು 150 ವರ್ಷದ ಮೇಲಾಯ್ತು. ನ್ಯೂಯಾರ್ಕ್ ನಗರವನ್ನ ಜೇಬಲ್ಲಿ ಇಟ್ಕೊಂಡಿದ್ದ ವಿಲಿಯಂ ಟ್ವೀಡ್‌ನನ್ನ ‘ಬಾಸ್ ಟ್ವೀಡ್’ ಅಂತಲೇ ಕರೀತಿದ್ರು. ಕೆಲಸ ಕೊಡಿಸೋನು ಅವನೇ, ವೋಟ್ ಹಾಕಿಸೋನು ಅವನೇ, ಖಜಾನೆ ಲೂಟಿ ಮಾಡಿದ್ದೂ ಅವನೇ. 1878ರಲ್ಲಿ ಜೈಲಿನಲ್ಲಿ ಸತ್ತ. ಅಂಥ ರಾಜಕಾರಣಕ್ಕೆ ಅಲ್ಲಿ ‘ಬಾಸಿಸಂ’ ಅಂತಾರೆ. ನಮ್ಮಲ್ಲಿ ‘ಬಾಸಿಸಂ ತೋರಿಸಬೇಡ’ ಅಂದ್ರೆ ದೊಡ್ಡಸ್ತಿಕೆ ತೋರಿಸಬೇಡ ಅಂತ ಅಷ್ಟೇ. ಆದರೆ ಮೂಲ ಅರ್ಥವೂ ನಮಗೆ ದೂರದ್ದಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗೀತು. ಅದಾದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. ಕಾರ್ಪೊರೇಟರ್ ಇಲ್ಲದ ವಾರ್ಡ್‌ನಲ್ಲಿ ಚರಂಡಿ ಉಕ್ಕಿದರೆ ಯಾರಿಗೆ ಹೇಳಬೇಕು? ಫ್ಲೆಕ್ಸ್‌ನಲ್ಲಿ ಕೈ ಮುಗಿದು ನಿಂತಿರೋ ‘ಬಾಸ್’ಗೆ. ಹಕ್ಕು ಇರಬೇಕಾದ ಜಾಗದಲ್ಲಿ ಉಪಕಾರ ಬಂದು ಕೂರುತ್ತೆ.

ಹೆಣ್ಮಕ್ಕಳು ಎಲ್ಲಿ?

ಸಿಗ್ನಲ್‌ನಲ್ಲಿ ಸ್ಕೂಟಿ ಓಡಿಸೋ ಹುಡುಗಿಯನ್ನ ಯಾರೂ ‘ಬಾಸ್’ ಅನ್ನಲ್ಲ. ಅವಳು ‘ಮೇಡಂ’, ಇಲ್ಲಾಂದ್ರೆ ‘ರೀ’. ಅವಳು ನಿಜವಾಗಲೂ ಬಾಸ್ ಆಗಿದ್ರೆ ‘ಲೇಡಿ ಬಾಸ್’ ಅಂತ ಒಂದು ವಿಶೇಷಣ ಸೇರಿಸ್ತೀವಿ. ‘ಜೆಂಟ್ಸ್ ಬಾಸ್’ ಅಂತ ಯಾರಾದ್ರೂ ಹೇಳಿದ್ದು ಕೇಳಿದ್ದೀರಾ? ಇಂಗ್ಲಿಷ್‌ನಲ್ಲೂ ಅಷ್ಟೇ. ಹೇಳಿದ ಹಾಗೆ ಕೇಳಿಸೋ ಗಂಡಸು ‘ಲೀಡರ್’, ಹೆಂಗಸು ‘ಬಾಸಿ’.

2016ರ ಏಪ್ರಿಲ್‌ನಲ್ಲಿ ಇಲ್ಲಿಂದ ಕೂಗಳತೆ ದೂರದ ಹೊಸೂರು ರಸ್ತೆಗೆ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಇಳಿದರು. ಪಿಎಫ್ ಹಣ ಪೂರ್ತಿ ತೆಗೆಯೋಕೆ ಅಡ್ಡಗಾಲು ಹಾಕಿದ್ದ ಕೇಂದ್ರದ ನಿಯಮದ ವಿರುದ್ಧ. ಮುಂದೆ ನಿಂತು ಕೈ ಬೀಸೋ ಬಾಸ್ ಯಾರೂ ಇರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಳ್ತು.

ಅರ್ಥ ಮೂರು: ಕೆಲಸ ಕೊಡೋನು

ಇದೇ ನಿಘಂಟಿನ ಮೊದಲ ಅರ್ಥ. ವಿಚಿತ್ರ ಅಂದ್ರೆ ಈ ಅರ್ಥ ದಿನೇ ದಿನೇ ಮಾಯ ಆಗ್ತಿದೆ. ಐಟಿ ಕಂಪನಿಗಳಲ್ಲಿ ಬಾಸ್ ಇಲ್ಲ, ‘ಲೀಡ್’, ‘ಮ್ಯಾನೇಜರ್’ ಇದ್ದಾರೆ. ಎಲ್ಲರೂ ಎಲ್ಲರನ್ನ ಹೆಸರು ಹಿಡಿದು ಕರೀತಾರೆ. ಆದರೆ 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆವರೆಗೆ ಕೆಲಸ ಮಾಡಿಸೋ ಪ್ರಸ್ತಾಪ ಕರ್ನಾಟಕದಲ್ಲಿ ಬಂದಾಗ ಗೊತ್ತಾಯ್ತು, ಹೆಸರು ಹಿಡಿದು ಕರೆದ ಮಾತ್ರಕ್ಕೆ ಸಮಾನರಾಗಲ್ಲ ಅಂತ. ಆಗ ಗಟ್ಟಿಯಾಗಿ ವಿರೋಧ ಮಾಡಿದ್ದು ಐಟಿ ನೌಕರರ ಯೂನಿಯನ್.

ಡೆಲಿವರಿ, ಕ್ಯಾಬ್ ಕೆಲಸದಲ್ಲಂತೂ ಬಾಸ್ ಪೂರ್ತಿ ಮಾಯ. ಕೆಲಸಕ್ಕೆ ಸೇರಿಸಿಕೊಳ್ಳೋ ಜಾಹೀರಾತಲ್ಲಿ ‘ನಿಮಗೆ ನೀವೇ ಬಾಸ್’ ಅಂತ ಇರುತ್ತೆ. ಸೇರಿದ ಮೇಲೆ ‘ಪಾರ್ಟ್ನರ್’. ಪಾರ್ಟ್ನರ್‌ಗೆ ಲಾಭದಲ್ಲಿ ಪಾಲಿಲ್ಲ, ರಜೆ ಇಲ್ಲ, ದರ ನಿಗದಿ ಮಾಡೋ ಹಕ್ಕಿಲ್ಲ. ದೇಶದಲ್ಲಿ 2020-21ರ ಹೊತ್ತಿಗೆ ಇಂಥ ಗಿಗ್ ಕೆಲಸಗಾರರು 77 ಲಕ್ಷ ಇದ್ದರು, 2029-30ಕ್ಕೆ 2.35 ಕೋಟಿ ಆಗಬಹುದು ಅಂತ ನೀತಿ ಆಯೋಗ 2022ರಲ್ಲಿ ಅಂದಾಜು ಮಾಡಿತ್ತು. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕೆಲಸಗಾರ ಅಂದ್ರೆ ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಆಚೆ ದುಡಿಯೋನು ಅಂತಲೇ ವ್ಯಾಖ್ಯಾನ ಮಾಡುತ್ತೆ. ಅಂದ್ರೆ ಬಾಸ್ ಇಲ್ಲದೇ ಇರೋದು ಇಲ್ಲಿ ಕಾನೂನಿನ ವ್ಯಾಖ್ಯಾನದಲ್ಲೇ ಸೇರಿಹೋಗಿದೆ.

ಬಾಸ್ ಇಲ್ಲದ ಮಾತ್ರಕ್ಕೆ ಹುಕುಂ ನಿಂತಿಲ್ಲ. ಇದಕ್ಕೆ ಹೋಲಿಕೆ ನಿಮ್ಮ ಮನೆ ಟಿವಿಯಲ್ಲೇ ಇದೆ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ‘ಬಿಗ್ ಬ್ರದರ್’ ಅನ್ನೋ ಶೋ ಶುರುವಾಯ್ತು. ಹೆಸರು ಬಂದಿದ್ದು 1949ರಲ್ಲಿ ಪ್ರಕಟವಾದ ಜಾರ್ಜ್ ಆರ್ವೆಲ್ ಕಾದಂಬರಿಯಿಂದ. ಭಾರತಕ್ಕೆ ಬರೋವಾಗ ಅಣ್ಣ ಹೋಗಿ ಬಾಸ್ ಬಂದ. ಕನ್ನಡದಲ್ಲಿ 2013ರಿಂದ ಸುದೀಪ್ ನಡೆಸಿಕೊಡ್ತಿರೋ ಆ ಶೋನಲ್ಲಿ ಬಿಗ್ ಬಾಸ್‌ಗೆ ಮುಖ ಇಲ್ಲ. ಬರೀ ಧ್ವನಿ, ಕ್ಯಾಮೆರಾ, ಟಾಸ್ಕು, ಎಲಿಮಿನೇಶನ್ನು. ಯಾಕೆ ಅಂತ ಕೇಳೋ ಹಾಗಿಲ್ಲ. ಡೆಲಿವರಿ ಆ್ಯಪ್‌ಗೆ ಧ್ವನಿನೂ ಇಲ್ಲ, ಉಳಿದಿದ್ದೆಲ್ಲ ಹೆಚ್ಚುಕಮ್ಮಿ ಅದೇ.

ಈ ಮುಖ ಇಲ್ಲದ ಬಾಸ್‌ನ ಕಾನೂನು ಹುಡುಕೋಕೆ ಶುರು ಮಾಡಿದೆ. 2021ರ ಫೆಬ್ರವರಿಯಲ್ಲಿ ಬ್ರಿಟನ್‌ನ ಸುಪ್ರೀಂ ಕೋರ್ಟ್ ಊಬರ್ ಚಾಲಕರು ಸ್ವತಂತ್ರ ಗುತ್ತಿಗೆದಾರರಲ್ಲ, ಕನಿಷ್ಠ ವೇತನಕ್ಕೆ ಅರ್ಹರಾದ ಕೆಲಸಗಾರರು ಅಂತು. ನಮ್ಮಲ್ಲಿ 2023ರಲ್ಲಿ ರಾಜಸ್ಥಾನ ಮೊದಲ ಕಾಯ್ದೆ ಮಾಡಿತು. ಕರ್ನಾಟಕ 2025ರ ಮೇನಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷ ಅದನ್ನ ಕಾಯ್ದೆ ಮಾಡಿತು. ಪ್ರತಿ ಕೆಲಸಕ್ಕೆ ಕೊಡೋ ಹಣದ ಮೇಲೆ ಕಂಪನಿಗಳು ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು. ಕಲ್ಯಾಣ ಮಂಡಳಿ ಇರಬೇಕು. ಎಲ್ಲಕ್ಕಿಂತ ಮುಖ್ಯ, ಕೆಲಸದಿಂದ ತೆಗೆಯೋದಾದ್ರೆ ಲಿಖಿತ ಕಾರಣ ಕೊಟ್ಟು 14 ದಿನ ಮೊದಲೇ ತಿಳಿಸಬೇಕು. ಕಾಯ್ದೆಯೂ ಕಂಪನಿಯನ್ನ ‘ಮಾಲೀಕ’ ಅನ್ನಲ್ಲ, ‘ಅಗ್ರಿಗೇಟರ್’ ಅನ್ನುತ್ತೆ. ಅದು ದೊಡ್ಡ ಕೊರತೆಯೇ. ಆದರೂ ‘ಯಾಕೆ’ ಅಂತ ಕೇಳೋ ಹಕ್ಕು ಕಾಗದದ ಮೇಲೆ ಬಂದಿದೆ.

ಕೊನೆಗೆ

ಬಳಕೆಯ ನಿಯಮ ಒಂದೇ, ನೆನಪಿಡಿ. ಬಾಸ್ ವಾಪಸ್ ಬಂದ್ರೆ ಅದು ಗೆಳೆತನ. ವಾಪಸ್ ಬರದೇ ಇದ್ರೆ ಅದು ಅಧಿಕಾರ. ಅಧಿಕಾರ ಇದ್ದೂ ‘ನಾನು ಬಾಸ್ ಅಲ್ಲ’ ಅಂತ ಯಾರಾದ್ರೂ ಹೇಳಿದ್ರೆ ಸ್ವಲ್ಪ ಹುಷಾರಾಗಿರಿ.

ಮೇಲಿನ ಮಹಡಿ ಹುಡುಗನಿಗೆ ಮೇಲ್ ಬರೆದುಕೊಟ್ಟೆ. ‘ಮಾನ್ಯರೇ’ ಅಂತ ಶುರು ಮಾಡಿ, ಕಾರಣ ಕೊಡಿ ಅಂತ ಕೇಳಿ, ಕಾಯ್ದೆಯ ಹೆಸರನ್ನೂ ಹಾಕಿದೆ. ನಿಮಿಷದೊಳಗೆ ಉತ್ತರ ಬಂತು. ನಿಮ್ಮ ದೂರು ಸ್ವೀಕರಿಸಿದ್ದೇವೆ, ಈ ವಿಳಾಸಕ್ಕೆ ಮರು ಉತ್ತರ ಕಳಿಸಬೇಡಿ ಅಂತ. ಕೆಳಗೆ ಯಾರ ಹೆಸರೂ ಇರಲಿಲ್ಲ. ಈಗ ಅವನು ಬೇರೆ ಆ್ಯಪ್‌ನಲ್ಲಿ ಓಡಿಸ್ತಿದ್ದಾನೆ. ಮೊನ್ನೆ ಮೆಟ್ಟಿಲ ಹತ್ರ ಸಿಕ್ಕಿದಾಗ ‘ಯೂನಿಯನ್ ಮೀಟಿಂಗ್ ಇದೆಯಂತೆ, ಬರ್ತೀರಾ ಬಾಸ್?’ ಅಂತ ಕೇಳಿದ.

‘ಬರ್ತೀನಿ ಬಾಸ್’ ಅಂದೆ.